ಸೊಸೆಯ ರಂಗೋಲಿ, ಮಾವನ ಲೇಥು

ಗ್ಯಾಸ್ ಒಲೆಯ ಉರಿ ನೀಲಿಯಾಗಿದ್ದರೆ ನಮಗೆ ನೆಮ್ಮದಿ. ಹಳದಿಗೆ ತಿರುಗಿತೋ, ಪಾತ್ರೆಯ ತಳಕ್ಕೆ ಮಸಿ ಹಿಡಿಯಿತೆಂದೇ ಲೆಕ್ಕ. ಆಗ ನೀವೇನು ಮಾಡುತ್ತೀರಿ? ಬರ್ನರ್ ತೆಗೆದು, ಸೋಪಿನ ನೀರಿನಲ್ಲಿ ನೆನೆಹಾಕಿ, ಸೂಜಿಯಿಂದ ಒಂದೊಂದೇ ತೂತು ಬಿಡಿಸುತ್ತೀರಿ. ಆ ತೂತುಗಳು ಅಷ್ಟೇ ಸಣ್ಣದಾಗಿ, ಅಷ್ಟೇ ಓರೆಯಾಗಿ ಯಾಕಿವೆ ಎಂದು ಎಂದಾದರೂ ಕೇಳಿಕೊಂಡಿದ್ದೀರಾ? ಗಾಳಿ ಮತ್ತು ಗ್ಯಾಸು ಸರಿಯಾದ ಪ್ರಮಾಣದಲ್ಲಿ ಬೆರೆತು ಹೊರಗೆ ಬರಲಿ ಅಂತ. ಹಿಟ್ಟಿಗೆ ನೀರು ಬೆರೆಸಿದ ಹಾಗೆ. ಹದ ತಪ್ಪಿದರೆ ಉರಿಯೂ ಕೆಡುತ್ತದೆ.

ಈ ತೂತಿನ ಲೆಕ್ಕ ನನಗೆ ಗೊತ್ತಾಗಿದ್ದು ಸೊಸೆಯಿಂದ. ಅವಳಿಗೆ ಸಂಬಳ ಬರುವುದೇ ಬರ್ನರಿನ ತೂತುಗಳನ್ನು ಯೋಚಿಸುವುದಕ್ಕೆ. ಆದರೆ ಅದು ಅಡಿಗೆ ಒಲೆಯದಲ್ಲ, ವಿದ್ಯುತ್ ಉತ್ಪಾದಿಸುವ ಗ್ಯಾಸ್ ಟರ್ಬೈನಿನ ಬರ್ನರು. ಅದನ್ನು ಎರಕ ಹೊಯ್ದು, ಕೊರೆದು, ಬೆಸೆದು ಮಾಡುವುದಿಲ್ಲ. ಲೋಹದ ಪುಡಿಯಿಂದ ಪದರ ಪದರವಾಗಿ ಮುದ್ರಿಸುತ್ತಾರೆ. ಥ್ರೀ-ಡಿ ಪ್ರಿಂಟಿಂಗ್ ಎಂದು ನೀವೂ ಪೇಪರಿನಲ್ಲಿ ಓದಿರುತ್ತೀರಿ. ಅದು ಬೆಂಗಳೂರಿನ ದೊಡ್ಡ ದೊಡ್ಡವರ ಸಮಾಚಾರ, ನಮಗೇನು ಎಂದು ಪುಟ ತಿರುಗಿಸಲೂಬಹುದು. ನಮ್ಮ ಮನೆಯಲ್ಲಿ ಹಾಗೆ ತಿರುಗಿಸುವಂತಿರಲಿಲ್ಲ. ಯಾಕೆಂದರೆ ಅದೇ ಪುಟದ ಹಿಂದೆ ನಮ್ಮ ಅನ್ನದ ಪ್ರಶ್ನೆಯೂ ಇತ್ತು.

ನಮ್ಮದು ತುಮಕೂರಿನ ಬಟವಾಡಿ. ಹೆದ್ದಾರಿಯಿಂದ ಒಂದು ಬೀದಿ ಒಳಕ್ಕೆ ಬಂದರೆ ಮನೆ, ಮನೆಗೆ ಅಂಟಿಕೊಂಡಂತೆ ತಗಡಿನ ಶೆಡ್ಡು, ಶೆಡ್ಡಿನಲ್ಲಿ ನಮ್ಮ ಮನೆಯವರ ಲೇಥು. ಎ.ಪಿ.ಎಂ.ಸಿ. ಯಾರ್ಡಿಗೆ ಬರುವ ಲಾರಿಗಳ ಪಿನ್ನು, ಬುಷ್ಷು, ಕೊಳವೆ ಬಾವಿ ಪಂಪಿನ ಶಾಫ್ಟು, ಗುಬ್ಬಿ ಕುಣಿಗಲ್ ಕಡೆಯವರು ತರುವ ಅಡಿಕೆ ಸುಲಿಯುವ ಯಂತ್ರದ ರೋಲರು, ಇವೇ ಮೂವತ್ತು ವರ್ಷದಿಂದ ನಮ್ಮ ಜೀವನ. ಮಗ ಲೇಥಿಗೆ ಕೈಹಾಕಲಿಲ್ಲ; ಲೆಕ್ಕಪತ್ರದ ಕೆಲಸಕ್ಕೆ ಸೇರಿದ. ತಮಾಷೆ ನೋಡಿ, ಲೇಥು ಅಂದರೆ ಕಣ್ಣರಳಿಸುವವಳು ಸೊಸೆಯಾಗಿ ಬಂದಳು. ಇಲ್ಲೇ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯದಲ್ಲಿ ಮೆಕ್ಯಾನಿಕಲ್ ಓದಿದ ಹುಡುಗಿ. ಮದುವೆಗೆ ಮುಂಚೆಯೇ ಪೀಣ್ಯದ ಕಡೆಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದಳು. ಮನೆ ನೋಡಲು ಬಂದ ದಿನ ನಡುಮನೆಗಿಂತ ಹೆಚ್ಚು ಹೊತ್ತು ಶೆಡ್ಡಿನಲ್ಲೇ ನಿಂತಿದ್ದಳು.

ಈ ಮುದ್ರಣ ಹೇಗೆ ನಡೆಯುತ್ತದೆ ಎಂದು ಅವಳನ್ನು ಎಷ್ಟು ಸಲ ಕೇಳಿದ್ದೇನೋ! ನನಗೆ ಅರ್ಥವಾದಂತೆ ನಿಮಗೆ ಹೇಳುತ್ತೇನೆ.

ಮೊದಲು ಚಕ್ಕುಲಿ ಒರಳನ್ನು ನೆನೆಸಿಕೊಳ್ಳಿ. ಒತ್ತಿದರೆ ಹಿಟ್ಟಿನ ಎಳೆ ಬರುತ್ತದೆ. ಸುತ್ತಿನ ಮೇಲೆ ಸುತ್ತು ಪೇರಿಸಿದರೆ ಒಂದು ಗೋಡೆಯೇ ಏಳುತ್ತದೆ. ಬೆಂಗಳೂರಿನ ಕೇಂಬ್ರಿಡ್ಜ್ ಲೇಔಟಿನಲ್ಲಿ 2023ರ ಆಗಸ್ಟ್‌ನಲ್ಲಿ ಒಂದು ಅಂಚೆ ಕಚೇರಿ ತೆರೆದರಲ್ಲ, ಅದನ್ನು ಕಟ್ಟಿದ್ದು ಹೀಗೆಯೇ. ಯಂತ್ರದ ಮೂತಿಯಿಂದ ಕಾಂಕ್ರೀಟು ಎಳೆ ಎಳೆಯಾಗಿ ಬಂದು ಗೋಡೆಯಾಯಿತು. 1021 ಚದರಡಿ ಕಟ್ಟಡ. ಕಟ್ಟಿದವರು ಲಾರ್ಸನ್ ಅಂಡ್ ಟೂಬ್ರೊ, ಸಲಹೆ ಮದ್ರಾಸ್ ಐ.ಐ.ಟಿ.ಯದು. ಆ ಕಡೆ ಹೋದಾಗ ನೋಡಿ ಬನ್ನಿ, ಗೋಡೆಯ ಮೇಲೆ ಪದರಗಳ ಗೀರು ಕಾಣುತ್ತದೆ.

ಸೊಸೆಯದು ಚಕ್ಕುಲಿಯ ಜಾತಿಯಲ್ಲ, ರಂಗೋಲಿಯ ಜಾತಿ. ಗಟ್ಟಿಯಾದ ಒಂದು ಲೋಹದ ಹಲಗೆಯ ಮೇಲೆ ಲೋಹದ ಪುಡಿಯನ್ನು ತೆಳ್ಳಗೆ ಹರಡುತ್ತಾರೆ. ಮೈದಾಗಿಂತ ಜಾರುವ ಪುಡಿ, ಒಂದೊಂದು ಕಣವೂ ಗುಂಡಗೆ. ಆ ಪುಡಿಯ ಮೇಲೆ ಲೇಸರ್ ಕಿರಣ ರಂಗೋಲಿಯ ಗೆರೆ ಎಳೆದಂತೆ ಓಡುತ್ತದೆ. ಗೆರೆ ಹೋದಲ್ಲಿ ಪುಡಿ ಕರಗಿ ಗಟ್ಟಿಯಾಗುತ್ತದೆ, ಉಳಿದದ್ದು ಪುಡಿಯಾಗಿಯೇ ಇರುತ್ತದೆ. ಹಲಗೆ ಒಂದು ಕೂದಲೆಳೆಗಿಂತ ಕಡಿಮೆ ಕೆಳಗಿಳಿಯುತ್ತದೆ. ಮತ್ತೆ ಪುಡಿ, ಮತ್ತೆ ರಂಗೋಲಿ. ಒಂದು ಪದರ ಸುಮಾರು 40 ಮೈಕ್ರಾನ್. ನಮ್ಮ ಮನೆಯವರ ಭಾಷೆಯಲ್ಲಿ ಹೇಳಿದರೆ ಒಂದೂವರೆ ಥೌ. ಇಪ್ಪತ್ತು ಸೆಂಟಿಮೀಟರ್ ಎತ್ತರದ ವಸ್ತುವಿಗೆ ಐದು ಸಾವಿರ ರಂಗೋಲಿ! ಗಾಳಿ ತಾಗಿದರೆ ಕಾದ ಲೋಹ ಕೆಡುತ್ತದಾದ್ದರಿಂದ ಒಳಗೆಲ್ಲಾ ಆರ್ಗಾನ್ ಅನಿಲ ತುಂಬಿರುತ್ತಾರೆ. ಹಗಲೂ ರಾತ್ರಿ ಓಡಿ, ಎರಡು ಮೂರು ದಿನಕ್ಕೆ ಒಂದು ವಸ್ತು ಪುಡಿಯ ರಾಶಿಯೊಳಗಿಂದ ಎದ್ದು ಬರುತ್ತದೆ. ಕಬ್ಬಿಣ ಅಲ್ಲ ಅತ್ತೆ, ಇನ್‌ಕೊನೆಲ್ ಅಂತ ನಿಕಲ್‌ನ ಮಿಶ್ರಲೋಹ, ಕೆಂಪಗೆ ಕಾದರೂ ಬಲ ಬಿಡೋದಿಲ್ಲ, ಎಂದು ಸೊಸೆ ನನ್ನನ್ನು ತಿದ್ದಿದ್ದಾಳೆ.

ಸರಿ, ಇಷ್ಟೆಲ್ಲಾ ಸರ್ಕಸ್ಸು ಯಾಕೆ, ಮೊದಲಿನ ಹಾಗೆ ಮಾಡಿದರೆ ಆಗದೆ? ನಾನೂ ಅದನ್ನೇ ಕೇಳಿದೆ.

ಹಳೆಯ ಬರ್ನರು ಒಂದು ತುಂಡಲ್ಲ. ಸೀಮೆನ್ಸ್ ಕಂಪನಿಯ ಒಂದು ಟರ್ಬೈನಿನಲ್ಲಿ ಬರ್ನರಿನ ತಲೆಯೊಂದಕ್ಕೇ 13 ಬಿಡಿಭಾಗ, 18 ಬೆಸುಗೆ ಇತ್ತು. ಬೆಸುಗೆ ಎಂದರೆ ನಿಮಗೆ ಗೊತ್ತಲ್ಲ. ಅಲ್ಯುಮಿನಿಯಂ ಡಬರಿ ಮೊದಲು ಸೋರುವುದು ಬೆಸೆದ ಕಡೆಯಲ್ಲೇ. ಸ್ವೀಡನ್ನಿನ ಫಿನ್‌ಸ್ಪಾಂಗ್ ಎಂಬಲ್ಲಿ ಅದನ್ನೇ ಒಂದೇ ತುಂಡಾಗಿ ಮುದ್ರಿಸಿದರು. ಜರ್ಮನಿಯ ಫಿಲಿಪ್ಸ್‌ಥಾಲ್‌ನ ವಿದ್ಯುತ್ ಕೇಂದ್ರದಲ್ಲಿ 2017ರ ಜುಲೈನಲ್ಲಿ ಅದನ್ನು ಕೂರಿಸಿದರು. ಮರುವರ್ಷದ ಹೊತ್ತಿಗೆ 8,000 ಗಂಟೆ ತೊಂದರೆಯಿಲ್ಲದೆ ಉರಿಯಿತು.

ಅದೇ 2017ರ ಆರಂಭದಲ್ಲಿ ಅದೇ ಕಂಪನಿ ಇಂಗ್ಲೆಂಡಿನ ಲಿಂಕನ್‌ನಲ್ಲಿ ಟರ್ಬೈನಿನ ಬ್ಲೇಡನ್ನೇ ಮುದ್ರಿಸಿ ಓಡಿಸಿ ನೋಡಿತ್ತು. ಬ್ಲೇಡ್ ಎಂದರೆ ಫ್ಯಾನಿನ ರೆಕ್ಕೆಯಂಥದ್ದು. ಆದರೆ ನಿಮಿಷಕ್ಕೆ 13,000 ಸುತ್ತು, ಸುತ್ತಲೂ 1250 ಡಿಗ್ರಿ ಬಿಸಿ ಗಾಳಿ. ಆ ವೇಗದಲ್ಲಿ ಅಂಗೈಯಲ್ಲಿ ಹಿಡಿಯುವ ಆ ರೆಕ್ಕೆಯ ಮೇಲೆ ಬೀಳುವ ಎಳೆತ 11 ಟನ್ನು, ಜನ ತುಂಬಿದ ಒಂದು ಬಸ್ಸನ್ನು ನೇತುಹಾಕಿದಷ್ಟು. ಇಂಥ ಬಿಸಿಯಲ್ಲಿ ಅದು ಉಳಿಯಬೇಕಾದರೆ ಒಳಗೆ ತಂಪು ಗಾಳಿಯ ಸಣ್ಣ ಸಣ್ಣ ಓಣಿಗಳಿರಬೇಕು. ತಂಪು ಎಂದರೆ ನಮ್ಮ ತಂಪಲ್ಲ ಮತ್ತೆ, 400 ಡಿಗ್ರಿ! ಡೊಂಕಾದ ಅಂಥ ಓಣಿಯನ್ನು ಯಾವ ಡ್ರಿಲ್ಲಿನಲ್ಲೂ ಕೊರೆಯಲಾಗದು. ಡ್ರಿಲ್ ನೇರ ಹೋಗುವ ಪ್ರಾಣಿ. ಪದರ ಪದರವಾಗಿ ಕಟ್ಟುವಾಗ ಮಾತ್ರ ಓಣಿಯನ್ನು ಬೇಕಾದ ಹಾಗೆ ತಿರುಗಿಸಿ ಬಿಡಬಹುದು. ಇರುವೆ ಗೂಡು ಕಟ್ಟುವುದಿಲ್ಲವೇ, ಹಾಗೆ.

ನಮ್ಮ ದೇಶದ್ದೇ ಲೆಕ್ಕ ಬೇಕೆಂದರೆ ಇಸ್ರೋದ್ದಿದೆ. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನ್ನನ್ನು ಮುದ್ರಿಸಿ, 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ 665 ಸೆಕೆಂಡು ಉರಿಸಿ ನೋಡಿದರು. 14 ಬಿಡಿಭಾಗ ಸೇರಿ ಒಂದಾಯಿತು, 19 ಬೆಸುಗೆ ಹೋಯಿತು. ಮೊದಲು ಒಂದು ಎಂಜಿನ್ನಿಗೆ 565 ಕಿಲೋ ಲೋಹ ತರಬೇಕಿತ್ತು, ಈಗ 13.7 ಕಿಲೋ ಪುಡಿ ಸಾಕಾಯಿತು. ಮುದ್ರಿಸಿಕೊಟ್ಟದ್ದು ಬೆಂಗಳೂರಿನ ವಿಪ್ರೊ ಥ್ರೀ-ಡಿ. ಈ ಸುದ್ದಿ ಓದಿ ಹೇಳಿದಾಗ ನಮ್ಮ ಮನೆಯವರು ತಟ್ಟೆಯಲ್ಲಿ ಕಲಸುತ್ತಿದ್ದ ಕೈ ನಿಲ್ಲಿಸಿ, "ಹಾಗಾದ್ರೆ ಸುರುಳಿಯೇ ಬೀಳೋಲ್ವೇನಮ್ಮ?" ಎಂದು ಕೇಳಿದರು. ಲೇಥಿನವರಿಗೆ ಲೋಹ ಕಡಿದಾಗ ಬೀಳುವ ಸುರುಳಿಯೇ ಕೆಲಸ ನಡೆದ ಗುರುತು. "ಬೀಳೋಲ್ಲ ಮಾವ" ಎಂದಳು. ಅವರು ಮತ್ತೆ ಮಾತಾಡಲಿಲ್ಲ, ಮಜ್ಜಿಗೆಗೂ ಕಾಯದೆ ಎದ್ದರು.

ಅವರ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತು. ಈ ಊರು ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯನ್ನು ನೋಡಿದ ಊರು. ಒಂದು ಕಾಲಕ್ಕೆ ಅಲ್ಲಿ ಕೆಲಸ ಎಂದರೆ ಹೆಣ್ಣು ಕೊಡಲು ಸಾಲು ನಿಲ್ಲುತ್ತಿದ್ದರು. ಸೆಲ್ ಗಡಿಯಾರ ಬಂತು, ಮೊಬೈಲು ಬಂತು. 2016ರಲ್ಲಿ ಅದು ಮುಚ್ಚಿತು. ಆ ಜಾಗ ಆಮೇಲೆ ಇಸ್ರೋಗೆ ಹೋಯಿತು. ಕೂದಲೆಳೆಯಂಥ ಚಕ್ರವನ್ನು ಬರಿಗೈಯಲ್ಲಿ ಕೂರಿಸುತ್ತಿದ್ದವರ ಕುಶಲತೆಯನ್ನು ಎಲ್ಲಿಗೆ ವರ್ಗ ಮಾಡುತ್ತೀರಿ, ಹೇಳಿ! ಮುಂದಿನ ಸರದಿ ಲೇಥಿನದು ಎಂದು ಇವರ ಅಂದಾಜು. ಗುಬ್ಬಿಯಿಂದ ಒಬ್ಬರು ಲೇಥನ್ನು ಕೊಳ್ಳಲು ಎರಡು ಸಲ ಬಂದು ಹೋಗಿದ್ದರು ಬೇರೆ. ಮಾರಿ ಬಂದ ದುಡ್ಡಿನಲ್ಲಿ ಶೆಡ್ಡನ್ನು ಎರಡು ಮಳಿಗೆ ಮಾಡಿ ಬಾಡಿಗೆಗೆ ಬಿಟ್ಟರೆ ಕೈಕಾಲು ನೋಯಿಸದೆ ಊಟ ಮಾಡಬಹುದೆಂದು ಮಗನ ಲೆಕ್ಕ. ಅದೂ ತಪ್ಪೆಂದು ನಾನು ಹೇಳಲಾರೆ.

ಇದೇ ಹೊತ್ತಿಗೆ ಮನೆಯಲ್ಲಿ ಇನ್ನೊಂದು ಮಾತು ಎದ್ದಿತ್ತು. ಮೊಮ್ಮಗಳಿಗೆ ಒಂದೂವರೆ ವರ್ಷ ತುಂಬಿತ್ತು, ಸೊಸೆ ಕೆಲಸಕ್ಕೆ ವಾಪಸು ಹೋಗಬೇಕು ಎಂದಳು. ಬಂಧುಗಳಲ್ಲಿ ಒಬ್ಬೊಬ್ಬರದೂ ಒಂದೊಂದು ಸಲಹೆ. ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡಲಿ, ಬಿ.ಎಡ್. ಮಾಡಿ ಟೀಚರಾಗಲಿ; ಹೆಣ್ಣುಮಗಳಿಗೆ ಯಂತ್ರದ ಎಣ್ಣೆ ಗ್ರೀಸು ಯಾಕೆ. ಎಣ್ಣೆಯೂ ಇಲ್ಲ, ಗ್ರೀಸೂ ಇಲ್ಲ. ಗ್ಲೌಸು, ಮಾಸ್ಕು ಹಾಕಿಕೊಂಡು ಆಪರೇಷನ್ ಥಿಯೇಟರಿನ ಹಾಗಿರುವ ಕೋಣೆ ಅದು. ಯಾರಿಗೆ ಹೇಳಿದರೆ ನಂಬುತ್ತಾರೆ! ನಾನು ಒಂದೇ ಮಾತು ಹೇಳಿದೆ: "ಮಗುವನ್ನು ನಾನು ನೋಡಿಕೊಳ್ತೀನಿ, ಹೋಗಿ ಬಾರಮ್ಮ." ಬಟವಾಡಿ ಸ್ಟಾಪಿನಲ್ಲೇ ಬೆಂಗಳೂರಿನ ಬಸ್ಸು ಸಿಗುತ್ತದೆ. 2023ರ ಶಕ್ತಿ ಯೋಜನೆಯ ಪುಣ್ಯ, ಸಾದಾ ಬಸ್ಸಾದರೆ ಟಿಕೆಟ್ಟಿಗೆ ದುಡ್ಡಿಲ್ಲ. ಆರು ಗಂಟೆಗೆ ಹೊರಟರೆ ರಾತ್ರಿ ಎಂಟಕ್ಕೆ ಮನೆ. ಸುಲಭ ಎಂದು ನಿಮಗೆ ಹೇಳುವುದಿಲ್ಲ. ಭಾನುವಾರ ಅವಳು ಮಲಗಿದರೆ ಏಳಿಸಲು ಮನಸ್ಸು ಬರುವುದಿಲ್ಲ.

ಅವಳ ಕೆಲಸದಲ್ಲಿ ಮಿಷನ್ನು ಓಡಿಸುವುದಕ್ಕಿಂತ ದೊಡ್ಡದು ಮುಂಚಿನ ಯೋಚನೆ. ವಿನ್ಯಾಸ ಅನ್ನುತ್ತಾರೆ. ಅದರ ಕಟ್ಟಳೆಗಳನ್ನು ಕೇಳಿದರೆ ನಮ್ಮ ಅಡಿಗೆ ಮನೆಯವೇ ಅನ್ನಿಸುತ್ತದೆ. ಗೋಡೆ 45 ಡಿಗ್ರಿಗಿಂತ ಹೆಚ್ಚು ಹೊರಕ್ಕೆ ವಾಲಬಾರದು. ವಾಲಿದರೆ ಕೆಳಗೆ ಆಸರೆಯ ಕಂಬ ಕಟ್ಟಬೇಕು, ಆಮೇಲೆ ಆ ಕಂಬ ಕಡಿದು ತೆಗೆಯುವ ಕೂಲಿ ಬೇರೆ. ಅಡ್ಡಲಾಗಿ ಬರುವ ತೂತನ್ನು ಪೂರಾ ಗುಂಡಗೆ ಮಾಡುವ ಬದಲು ಮೇಲ್ತುದಿಯನ್ನು ಕಣ್ಣೀರ ಹನಿಯಂತೆ ಚೂಪು ಮಾಡುತ್ತಾರೆ; ಆಗ ಚಾವಣಿ ತಾನೇ ನಿಲ್ಲುತ್ತದೆ. ಒಳಗೆ ಟೊಳ್ಳು ಇಟ್ಟರೆ ಕರಗದೆ ಉಳಿದ ಪುಡಿ ಹೊರಬರಲು ದಾರಿ ಇಡಲೇಬೇಕು. ಸಣ್ಣ ಬಾಯಿಯ ಬಾಟಲಿ ತೊಳೆದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಎಲ್ಲಕ್ಕಿಂತ ತಲೆನೋವಿನದು ಮುರುಟುವುದು. ಹಪ್ಪಳ ಒಣಹಾಕಿದಾಗ ಮೇಲಿನ ಪದರ ಮೊದಲು ಒಣಗಿ ಎಳೆಯುತ್ತದೆ, ಅಂಚು ಮೇಲೇಳುತ್ತದೆ. ಲೋಹವೂ ಹಾಗೇ. ಮೇಲೆ ಕರಗಿದ ಪದರ ಆರುತ್ತಾ ಕುಗ್ಗಿ ಕೆಳಗಿನದನ್ನು ಎಳೆಯುತ್ತದೆ. ಕಳೆದ ಮಳೆಗಾಲದಲ್ಲಿ ಅವಳೇ ಬಿಡಿಸಿದ ಒಂದು ಭಾಗ ಮೂವತ್ತು ಗಂಟೆ ಚೆನ್ನಾಗಿ ಬಂದು, ಒಂದು ತೆಳು ಅಂಚು ಹಪ್ಪಳದ ಹಾಗೆ ಎದ್ದು, ಪುಡಿ ಹರಡುವ ಪಟ್ಟಿಗೆ ತಗುಲಿ, ರಾತ್ರಿ ಮಿಷನ್ ನಿಂತುಹೋಯಿತು. ಫೋನು ಬಂದಾಗ ಮಗುವಿಗೆ ಜ್ವರ. ಅವಳು ಒಂದು ಕೈಯಲ್ಲಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಒತ್ತುತ್ತಾ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು, "ಅಂಚಿನ ದಪ್ಪ ಎಷ್ಟಿತ್ತು ನೋಡಿ, ಫೋಟೋ ಕಳಿಸಿ" ಎನ್ನುತ್ತಿದ್ದಳು. ಮೂವತ್ತು ಗಂಟೆಯ ಕೆಲಸ, ಅಷ್ಟು ಬೆಲೆಯ ಪುಡಿ. ಅವಳ ಕೆಲಸಕ್ಕೇ ಸಂಚಕಾರ ಬಂತೇನೋ ಎಂದು ನನಗೆ ದಿಗಿಲು. ಅತ್ತೆಯ ಹಪ್ಪಳದಿಂದ ಸೊಸೆಗೆ ಉಪಾಯ ಹೊಳೆಯಿತು ಎಂದು ನಾನಿಲ್ಲಿ ಕಥೆ ಕಟ್ಟಬಹುದಿತ್ತು! ಹಾಗೇನೂ ಆಗಲಿಲ್ಲ. ಅಂಚಿನ ಕೆಳಗೆ ಆಸರೆ ಹೆಚ್ಚಿಸಿ, ಇಡೀ ಭಾಗವನ್ನು ಸ್ವಲ್ಪ ಓರೆಯಾಗಿ ನಿಲ್ಲಿಸಿ, ಎರಡನೆಯ ಸಲಕ್ಕೆ ಸರಿಮಾಡಿದಳು. ಹದಿನೈದು ದಿನ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ.

ಮುದ್ರಿಸಿ ಹೊರತೆಗೆದ ಕೂಡಲೇ ಕೆಲಸ ಮುಗಿಯುವುದಿಲ್ಲ. ಹಲಗೆಯ ಸಮೇತ ಕುಲುಮೆಯಲ್ಲಿ ಕಾಯಿಸಿ ಒಳಗಿನ ಬಿಗುವು ಇಳಿಸಬೇಕು. ಆಮೇಲೆ ಹಲಗೆಯಿಂದ ಕೊಯ್ಯಬೇಕು. ಒಳಗೆ ಕಣ್ಣಿಗೆ ಕಾಣದ ಗಾಳಿಗುಳ್ಳೆ ಉಳಿದಿದ್ದರೆ ಭಾರಿ ಒತ್ತಡದಲ್ಲಿ ಕಾಯಿಸಿ ಮುಚ್ಚಬೇಕು. ನಮ್ಮ ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಆ ತೂತುಗಳೇ ಅಂದ, ಟರ್ಬೈನಿಗೆ ಅವೇ ಯಮ. ಬೇರೆ ಭಾಗಕ್ಕೆ ಕೂಡುವ ಕಡೆ ಅಳತೆ ಕರಾರುವಾಕ್ಕಾಗಿರಬೇಕು. ಮುದ್ರಿಸಿದ ಮೈ ಉಪ್ಪುಕಾಗದದ ಹಾಗೆ ಒರಟು. ಅಲ್ಲಿ ಕಡಿದು ನುಣುಪು ಮಾಡದೆ ವಿಧಿಯಿಲ್ಲ.

ಕಡಿದು! ಈ ಮಾತು ಬಂದ ರಾತ್ರಿ ನಮ್ಮ ಮನೆಯವರು ಕಿವಿ ನಿಮಿರಿಸಿದರು.

"ಅದನ್ನ ಯಾರು ಕಡೀತಾರೆ?"

"ಲೇಥಿನವರೇ ಮಾವ. ಇನ್ಯಾರು?"

ಪ್ರತಿ ಮುದ್ರಣದ ಜೊತೆಗೂ ಅದೇ ಹಲಗೆಯ ಮೂಲೆಯಲ್ಲಿ ಕೆಲವು ಕಡ್ಡಿಗಳನ್ನೂ ಬೆಳೆಸುತ್ತಾರಂತೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುವ ಹಾಗೆ, ಆ ಕಡ್ಡಿಯನ್ನು ನಡುವೆ ಸಣ್ಣಗೆ, ತುದಿಗಳಲ್ಲಿ ದಪ್ಪಗೆ ಕಡೆದು, ಯಂತ್ರದಲ್ಲಿ ಎಳೆದು ತುಂಡುಮಾಡಿ, ಎಷ್ಟು ಬಲಕ್ಕೆ ತುಂಡಾಯಿತು ಎಂದು ಬರೆದಿಡುತ್ತಾರೆ. ಅದನ್ನು ಕಡೆದುಕೊಡುತ್ತಿದ್ದ ಕಡೆ ಕೆಲಸ ತಡವಾಗುತ್ತಿತ್ತು. ಸೊಸೆ ಮೇಲಿನವರನ್ನು ಕೇಳಿ, ಮೊದಲು ಕೆಲಸಕ್ಕೆ ಬಾರದ ನಾಲ್ಕು ಕಡ್ಡಿ ತಂದುಕೊಟ್ಟಳು, ಕೈ ಪಳಗಲಿ ಅಂತ.

ಇನ್‌ಕೊನೆಲ್ ಎಂಬುದು ಸಾಮಾನ್ಯದ ಲೋಹವಲ್ಲ ಎಂದು ಅವತ್ತು ನಮ್ಮ ಶೆಡ್ಡಿಗೆ ತಿಳಿಯಿತು. ಟೂಲ್ ಒಂದು ಕ್ಷಣ ಒಂದೇ ಕಡೆ ಉಜ್ಜಿ ನಿಂತರೆ ಅಲ್ಲಿ ಇನ್ನೂ ಗಟ್ಟಿಯಾಗಿಬಿಡುತ್ತದೆ, ಬೈದಷ್ಟೂ ಹಟ ಮಾಡುವ ಮಗುವಿನ ಹಾಗೆ. ಎರಡು ಟೂಲಿನ ಮೂತಿ ಹೋಯಿತು. ಇವರು ಸಿಟ್ಟಿನಲ್ಲಿ ಎದ್ದು ಬಂದು ಕಾಫಿ ಕುಡಿದು, ಮತ್ತೆ ಹೋಗಿ, ಕಾರ್ಬೈಡ್ ಟೂಲ್ ಹಾಕಿ, ವೇಗ ತಗ್ಗಿಸಿ, ನೀರೆಣ್ಣೆ ಧಾರಾಳ ಬಿಟ್ಟು, ಎಲ್ಲೂ ನಿಲ್ಲಿಸದೆ ಒಂದೇ ಸಮನೆ ಹಿಡಿದು ಕಡೆದರು. ಮೂರನೆಯ ಕಡ್ಡಿ ಅಳತೆಗೆ ಬಂತು. ಅವತ್ತು ರಾತ್ರಿ ಮಾವ ಸೊಸೆ ಇಬ್ಬರೂ ಲೈಟು ಹಾಕಿಕೊಂಡು ಮೈಕ್ರೋಮೀಟರ್ ಹಿಡಿದು ಹನ್ನೊಂದರವರೆಗೆ ಕೂತಿದ್ದರು. ಸಾರು ಎರಡು ಸಲ ಬಿಸಿ ಮಾಡಿದ್ದು ನಾನು.

ಆಮೇಲೆ ಎಂಟು ಕಡ್ಡಿಗಳ ನಿಜವಾದ ಕೆಲಸ ಬಂತು. ಆರು ಪಾಸಾದವು, ಎರಡು ವಾಪಸು. ಕೈಗೆ ಸಿಕ್ಕ ಕೂಲಿ ಎರಡು ಟ್ರಾಕ್ಟರ್ ಶಾಫ್ಟ್ ಕಡೆದಷ್ಟು. ಲೇಥು ಉಳಿಯಲು ಇಷ್ಟು ಸಾಕೇ? ಸಾಲದು. ಟರ್ಬೈನಿನ ಭಾಗವನ್ನೇ ಕಡೆಯುವ ಕೆಲಸ ನಮ್ಮ ತಗಡಿನ ಶೆಡ್ಡಿಗೆ ಬರುವುದೂ ಇಲ್ಲ. ಅದಕ್ಕೆ ಕಂಪ್ಯೂಟರ್ ಯಂತ್ರ ಬೇಕು, ಸರ್ಟಿಫಿಕೇಟು ಬೇಕು. ಸೊಸೆ ಇದನ್ನು ಮುಚ್ಚುಮರೆಯಿಲ್ಲದೆ ಮಾವನಿಗೆ ಹೇಳಿದ್ದಾಳೆ. ಆದರೆ ಸುರುಳಿ ಮಾತ್ರ ಬಿತ್ತು! ಬೆಳ್ಳಿಯ ತಂತಿಯ ಹಾಗಿದ್ದ ಒಂದು ಸುರುಳಿಯನ್ನು ಇವರು ಟೂಲಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ.

ಪಾವಗಡದ ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಯದೇ ಅಲ್ಲವೇ? 13,000 ಎಕರೆ, 2050 ಮೆಗಾವಾಟ್. ಇಷ್ಟು ಬಿಸಿಲು ಇರುವಾಗ ಗ್ಯಾಸ್ ಟರ್ಬೈನ್ ಯಾಕೆ ಎಂದು ನೀವು ಕೇಳಬಹುದು. ಬಿಸಿಲು ಸಂಜೆ ಆರಕ್ಕೆ ಇಳಿದುಬಿಡುತ್ತದೆ, ನಾವು ಲೈಟು, ಟಿ.ವಿ., ಮಿಕ್ಸಿ ಎಲ್ಲಾ ಹಾಕುವುದು ಆಗಲೇ. ಆ ಹೊತ್ತಿಗೆ ಬೇಗ ಹೊತ್ತಿಕೊಂಡು ಬೇಗ ಆರುವ ಒಲೆಯೂ ಬೇಕು. ಕಲ್ಲಿದ್ದಲಿನದು ಸೌದೆ ಒಲೆಯ ಹಾಗೆ, ಹೊತ್ತಲು ತಡ, ಗ್ಯಾಸಿನದು ಚುರುಕು. ಯಲಹಂಕದಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿಸಿದ 370 ಮೆಗಾವಾಟಿನ ಕೇಂದ್ರ ಆ ಜಾತಿಯದು. ಆದರೆ ದಿನಾ ಹೊತ್ತಿಸಿ ಆರಿಸಿದರೆ ಬರ್ನರು ಕಾದು ತಣಿದು ಬೇಗ ಸವೆಯುತ್ತದೆ. ಮುಂದೆ ಗ್ಯಾಸಿನ ಜೊತೆ ಜಲಜನಕ ಬೆರೆಸಿ ಉರಿಸಬೇಕೆಂಬ ಪ್ರಯತ್ನ ಬೇರೆ ಪ್ರಪಂಚದಲ್ಲೆಲ್ಲಾ ನಡೆದಿದೆ. ಜಲಜನಕದ ಉರಿ ಬಲು ಅವಸರದ್ದು. ಒಲೆ ಹಚ್ಚುವಾಗ ಒಮ್ಮೊಮ್ಮೆ ಭುಗ್ ಎಂದು ಬರ್ನರಿನ ಒಳಗೇ ಉರಿ ಹೋಗುವುದಿಲ್ಲವೇ, ಹಾಗೆ ಹಿಂದಕ್ಕೆ ನುಗ್ಗುತ್ತದೆ. ಅದನ್ನು ತಡೆಯಬೇಕಾದರೆ ತೂತಿನ ಆಕಾರವನ್ನೇ ಹೊಸದಾಗಿ ಯೋಚಿಸಬೇಕು, ಮಾಡಿ ನೋಡಬೇಕು, ಕೆಟ್ಟರೆ ಮರುವಾರ ಮತ್ತೊಂದು ಮಾಡಬೇಕು. ಅಚ್ಚು ಮಾಡಿಸಿ ಎರಕ ಹೊಯ್ಯುತ್ತಾ ಕೂತರೆ ಒಂದು ಪ್ರಯತ್ನಕ್ಕೇ ತಿಂಗಳುಗಟ್ಟಲೆ. ಲಿಂಕನ್‌ನಲ್ಲಿ ಬ್ಲೇಡಿನ ವಿನ್ಯಾಸದಿಂದ ತಯಾರಿಯವರೆಗೆ ಎರಡು ವರ್ಷ ಹಿಡಿಯುತ್ತಿದ್ದದ್ದು ಎರಡು ತಿಂಗಳಿಗೆ ಇಳಿಯಿತಂತೆ.

ಈ ವಿದ್ಯೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮಾತ್ರ ಬೇರೆಯೇ ಒಂದು ಸಂಗತಿ. ನಿಮ್ಮ ಮನೆಯಲ್ಲೂ ಒಂದು ಹಳೆಯ ಮಿಕ್ಸಿ ಇರಬಹುದು. ಮೋಟಾರು ಗಟ್ಟಿಮುಟ್ಟು, ಜಾರಿನ ಅಡಿಯ ಒಂದು ಹಲ್ಲು ಮುರಿದಿದೆ, ಅಂಗಡಿಯವ "ಆ ಕಂಪನಿಯೇ ಇಲ್ಲ, ಹೊಸದು ತಗೊಳ್ಳಿ" ಎನ್ನುತ್ತಾನೆ. ವಿದ್ಯುತ್ ಕೇಂದ್ರಗಳಿಗೂ ಇದೇ ಗತಿ. ಸ್ಲೊವೇನಿಯಾ ದೇಶದ ಕ್ರ್ಶ್ಕೊ ಎಂಬಲ್ಲಿನ ಅಣು ವಿದ್ಯುತ್ ಕೇಂದ್ರದಲ್ಲಿ ಬೆಂಕಿ ಆರಿಸುವ ನೀರಿನ ಪಂಪು 1981ರಿಂದ ಇತ್ತು. ಅದರೊಳಗಿನ ಚಕ್ರ ಬದಲಿಸಬೇಕಾಯಿತು. ಅಡ್ಡಳತೆ ಕೇವಲ 108 ಮಿಲಿಮೀಟರ್, ಒಂದು ಸಣ್ಣ ತಟ್ಟೆಯಷ್ಟು. ಮಾಡಿದ ಕಂಪನಿ ಮುಚ್ಚಿಹೋಗಿತ್ತು. ಹಳೆಯ ಚಕ್ರವನ್ನೇ ಅಳೆದು, ಕಂಪ್ಯೂಟರಿನಲ್ಲಿ ಅದರ ರೂಪ ಕೂರಿಸಿ, 2017ರಲ್ಲಿ ಸೀಮೆನ್ಸ್‌ನವರು ಹೊಸದನ್ನು ಮುದ್ರಿಸಿ ಕೊಟ್ಟರು. ಅಣು ಕೇಂದ್ರದವರು ಸುಮ್ಮನೆ ಒಪ್ಪುವವರಲ್ಲ. ತಿಂಗಳುಗಟ್ಟಲೆ ಪರೀಕ್ಷೆ ಮಾಡಿಯೇ ಕೂರಿಸಿದ್ದು.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಶಿವನಸಮುದ್ರ. 1902ರ ಜೂನ್ 30ರಂದು ಅಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಟರ್ಬೈನು ಸ್ವಿಟ್ಜರ್ಲೆಂಡಿನದು, ಜನರೇಟರು ಅಮೆರಿಕದ್ದು. ಹಡಗಿನಲ್ಲಿ ಬಂದ ಯಂತ್ರದ ಒಂದು ಭಾಗ ಮುರಿದರೆ ಮತ್ತೆ ಹಡಗಿಗೇ ಕಾಯಬೇಕಾಗಿದ್ದ ಕಾಲ. ಕಾಯಲಾಗದೆ ಇಲ್ಲೇ ಯಾವುದೋ ಕುಲುಮೆಯಲ್ಲಿ, ಯಾವುದೋ ಲೇಥಿನಲ್ಲಿ ನಮ್ಮ ಮನೆಯವರಂಥ ಒಬ್ಬರು ಅಳತೆ ಹಿಡಿದು ಮಾಡಿಕೊಟ್ಟಿರುತ್ತಾರೆ ಎಂದು ನನ್ನ ಊಹೆ.

ಹಾಗೆಂದು ಎಲ್ಲವನ್ನೂ ಮುದ್ರಿಸಿಬಿಡಬಹುದು ಎಂದುಕೊಳ್ಳಬೇಡಿ. ಪಕ್ಕದ ಮನೆಯವರು ಬೋರ್‌ವೆಲ್ ಪಂಪಿನ ಸವೆದ ಪ್ಲಾಸ್ಟಿಕ್ ಚಕ್ರ ತಂದು, "ನಿಮ್ಮ ಸೊಸೆ ಕೈಲಿ ಒಂದು ಪ್ರಿಂಟ್ ಮಾಡಿಸಿಕೊಡಿ" ಎಂದರು. ಅಂಗಡಿಯಲ್ಲಿ ಸಿಗುವ ವಸ್ತುವಿಗೆ ಅಷ್ಟು ಖರ್ಚೇ? ಸಾವಿರ ಸಾವಿರ ಒಂದೇ ಬಗೆಯದು ಬೇಕಾದರೆ ಅಚ್ಚೇ ಅಗ್ಗ. ಇಡ್ಲಿಯನ್ನು ಒಂದೊಂದಾಗಿ ಯಾರಾದರೂ ಕೈಯಲ್ಲಿ ತಟ್ಟುತ್ತಾರೆಯೇ? ಬೇಕಾಗುವುದು ಕೆಲವೇ, ಒಳಗೆ ತಿರುವು ಮುರುವು ಬಹಳ, ಬಿಸಿ ವಿಪರೀತ, ಅಥವಾ ಮಾಡುವವರೇ ಇಲ್ಲ. ಅಂಥ ಕಡೆ ಮಾತ್ರ ಇದಕ್ಕೆ ಬೆಲೆ.

ಇನ್ನೊಂದು ವಿಷಯ ಕೇಳುವವರು ಬಹಳ ಮಂದಿ, ಆದ್ದರಿಂದ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಮಗಳು ಈ ಕಡೆ ಹೋಗಬೇಕೆಂದರೆ ಥ್ರೀ-ಡಿ ಪ್ರಿಂಟಿಂಗ್ ಕೋರ್ಸ್ ಎಂದು ಬೋರ್ಡು ಹಾಕಿದ ಕಡೆಗೆಲ್ಲಾ ದುಡ್ಡು ಸುರಿಯುವ ಮೊದಲು ಸ್ವಲ್ಪ ತಡೆಯಿರಿ. ಸೊಸೆ ಹೇಳುವುದು ಇಷ್ಟೇ: ಡ್ರಾಯಿಂಗ್ ಗಟ್ಟಿ ಇರಬೇಕು, ಲೋಹ ಕಾದಾಗ ತಣಿದಾಗ ಏನಾಗುತ್ತದೆ ಎಂಬ ಓದು ಗಟ್ಟಿ ಇರಬೇಕು, ಒಮ್ಮೆಯಾದರೂ ಲೇಥಿನ ಮುಂದೆ ನಿಂತು ಕೈ ಕೊಳೆ ಮಾಡಿಕೊಂಡಿರಬೇಕು. ಬೆಂಗಳೂರಿನಲ್ಲಿ ಈ ಮುದ್ರಣ ಯಂತ್ರವನ್ನೇ ತಯಾರಿಸುವ ಇಂಟೆಕ್ ಅಡಿಟಿವ್‌ನಂಥ ಕಂಪನಿಗಳಿವೆ. ನಮ್ಮ ತುಮಕೂರು ರಸ್ತೆಯಲ್ಲೇ ಇರುವ ಕೇಂದ್ರ ಸರ್ಕಾರದ ಸಿ.ಎಂ.ಟಿ.ಐ. ಸಂಸ್ಥೆಯಲ್ಲೂ ಇದರ ಸಂಶೋಧನೆ ನಡೆಯುತ್ತದೆ. ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ.

ಯುಗಾದಿಗೆ ಮುಂಚೆ ಹನ್ನೆರಡು ಕಡ್ಡಿಗಳ ಇನ್ನೊಂದು ಕಂತು ಬರಬಹುದೆಂದು ಸೊಸೆ ಹೇಳಿದ್ದಾಳೆ. ಮಗ ಇನ್ನೂ ಮಳಿಗೆಯ ಲೆಕ್ಕ ಬಿಟ್ಟಿಲ್ಲ. ಸಿಮೆಂಟಿನ ದರ ವಿಚಾರಿಸುತ್ತಲೇ ಇದ್ದಾನೆ. ಗುಬ್ಬಿಯವರು ಮೊನ್ನೆ ಮೂರನೆಯ ಸಲ ಫೋನು ಮಾಡಿದ್ದರು. ಇವರು ಟೂಲಿಗೆ ಸಾಣೆ ಹಿಡಿಯುತ್ತಿದ್ದವರು ಕೈ ಒರೆಸಿಕೊಂಡು, "ಹಬ್ಬ ಆಗ್ಲಿ ಸ್ವಾಮಿ, ಆಮೇಲೆ ನೋಡೋಣ" ಎಂದು ಇಟ್ಟರು.